ಉಡಚವ್ವನ ‘ನಂದ ತಪ್ಪಾತು’

ಬ್ಯಾಡಗಿಯ ಉಡಚವ್ವನ ಕಾಲನ್ನು ನೀವು ತುಳಿದರೆ, ತಪ್ಪಾಯಿತೆಂದು ಹೇಳುವವಳು ಉಡಚವ್ವನೇ. ನಿಮಗೆ ಬಾಯಿ ತೆರೆಯಲು ಅವಳು ಪುರಸೊತ್ತು ಕೊಡುವುದಿಲ್ಲ. ‘ನಂದ ತಪ್ಪಾತ್ರಿ, ಕಾಲು ಅಡ್ಡ ಚಾಚಿದ್ದೆ’ ಎಂದು ತುಳಿಸಿಕೊಂಡ ಕಾಲನ್ನು ತಾನೇ ಒಳಗೆ ಎಳೆದುಕೊಳ್ಳುತ್ತಾಳೆ. ಸಂತೆಯಲ್ಲಿ ಯಾರೋ ಗೂಳಿಯ ಹಾಗೆ ನುಗ್ಗಿ ಅವಳ ಕೈಚೀಲ ಹರಿದು ಬದನೆಕಾಯಿ ಉರುಳಿದರೂ ತಪ್ಪು ಉಡಚವ್ವನದೇ. ಪಕ್ಕದ ಮನೆಯ ಹಾಜಿರಾಬಿಯ ಆಡು ಇವಳ ಹಿತ್ತಲಿನ ನುಗ್ಗೆಗಿಡ ಮೇಯ್ದಾಗಲೂ ಇವಳೇ ಹೋಗಿ, ‘ನಂದ ತಪ್ಪಾತು ನೋಡವಾ, ಬೇಲಿ ಕಟ್ಟಬೇಕಾಗಿತ್ತು’ ಎಂದು ಬಂದಿದ್ದಳು. ಆಡೊಂದೇ ಅವಳಿಗೆ ತಿರುಗಿ ಏನೂ ಅನ್ನಲಿಲ್ಲ.

ಈ ಮಾತು ಅವಳಿಗೆ ತವರಿನ ಬಳುವಳಿಯಲ್ಲ. ಕುಪ್ಪೇಲೂರಿನಲ್ಲಿ ಹುಡುಗಿಯಾಗಿದ್ದಾಗ ನೀರಿನ ಸರದಿಗೆ ಕೊಡ ಎತ್ತಿ ಜಗಳಕ್ಕೆ ನಿಲ್ಲುತ್ತಿದ್ದವಳೇ ಅವಳು. ಬ್ಯಾಡಗಿಗೆ ಸೊಸೆಯಾಗಿ ಬಂದ ಮೇಲೆ ಕಲಿತದ್ದು ಇದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕಕ್ಕೆಲ್ಲ ಗೊತ್ತು. ಕಾಯಿಗೆ ಇಳಿಯಬೇಕಾದ ಖಾರವೆಲ್ಲ ಅವಳ ಅತ್ತೆಯ ನಾಲಿಗೆಗೆ ಇಳಿದಿತ್ತು. ಗಂಡ ಮೈಲಾರೆಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ, ಚೀಲ ಹೊರುವ ಆಳು. ಅವನು ಹುಟ್ಟಿದಂದಿನಿಂದ ಒಂದೂ ತಪ್ಪು ಮಾಡಿದವನಲ್ಲ. ಬೇಕಾದರೆ ಅವನನ್ನೇ ಕೇಳಿ. ಒಂದು ಕಡೆ ಖಾರ, ಇನ್ನೊಂದು ಕಡೆ ತಪ್ಪೇ ಇಲ್ಲದ ಗಂಡಸು. ಸಂಸಾರ ಸಾಗಬೇಕಾದರೆ ತಪ್ಪು ಒಪ್ಪಿಕೊಳ್ಳುವವರು ಮನೆಯಲ್ಲಿ ಒಬ್ಬರಾದರೂ ಬೇಕಲ್ಲ? ಒಂದು ದಿನ ಸುಸ್ತಾಗಿ ಉಡಚವ್ವ ‘ನಂದ ತಪ್ಪಾತು ಬಿಡ್ರಿ’ ಎಂದಳು. ಅತ್ತೆ ಬಾಯಿ ತೆರೆದವಳು ಹಾಗೆಯೇ ಮುಚ್ಚಿದಳು. ಇಷ್ಟು ಸಸಾರದ ಮದ್ದು ಇದೆಯೆಂದು ಗೊತ್ತಿದ್ದರೆ ಮೊದಲೇ ಹೇಳಬಹುದಾಗಿತ್ತಲ್ಲ ಎಂದು ಉಡಚವ್ವನಿಗೆ ಅನಿಸಿತು. ಅಂದಿನಿಂದ ಆ ಮಾತು ಅವಳ ಬಾಯಿಗೆ ಎಲೆ ಅಡಿಕೆಯಂತೆ ಹತ್ತಿತು.

ಕೆಲಸದಲ್ಲಿ ಮಾತ್ರ ಅವಳದು ತಪ್ಪೆಂಬುದಿಲ್ಲ. ಸುಗ್ಗಿಯ ಕಾಲಕ್ಕೆ ಮಾರುಕಟ್ಟೆಯ ಹೆಂಗಸರ ಜೊತೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಉಳಿದಂತೆ ವರ್ಷವಿಡೀ ರೊಟ್ಟಿ. ಊರಿನ ಒಂದು ಖಾನಾವಳಿಗೆ ದಿನಾ ಜೋಳದ ರೊಟ್ಟಿ ಅವಳ ಮನೆಯಿಂದಲೇ ಹೋಗಬೇಕು. ಒಲೆಯ ಮುಂದೆ ಕಾಲು ಮಡಚಿ ಕುಳಿತಳೆಂದರೆ ಅಂಗೈಯ ಬಡಿತ ಓಣಿಯ ಕೊನೆಗೂ ಕೇಳುತ್ತಿತ್ತು. ಆ ಸದ್ದು ಕೇಳಿಯೇ ಓಣಿಯ ಹೆಂಗಸರು ಗಂಟೆ ಎಷ್ಟಾಯಿತೆಂದು ಹೇಳುತ್ತಿದ್ದರು. ಅವಳ ರೊಟ್ಟಿ ಹರಿದದ್ದನ್ನು ಕಂಡವರಿಲ್ಲ.

ಅಪಘಾತವಾದದ್ದು ಎರಡು ವರ್ಷದ ಹಿಂದೆ, ಸೀಗೆ ಹುಣ್ಣಿಮೆ ಮುಗಿದ ಮೇಲೆ. ರಾಣೆಬೆನ್ನೂರಿಗೆ ಕೊಟ್ಟ ಮಗಳು ಸುನಿತಾಳನ್ನು ನೋಡಿಕೊಂಡು ಬರಲು ಉಡಚವ್ವ ಹೊರಟಿದ್ದಳು. ಬಿಳಿ ಅರಿವೆಯಲ್ಲಿ ಖಡಕ್ ರೊಟ್ಟಿಯ ಗಂಟು, ಒಂದು ಡಬ್ಬಿಯಲ್ಲಿ ಶೇಂಗಾ ಚಟ್ನಿ. ಊರಿನ ಶಾಬುದ್ದೀನನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಮೋಟೇಬೆನ್ನೂರಿನವರೆಗೆ ಬಂದಳು. ಅಲ್ಲಿ ಹೈವೇ ಪಕ್ಕದ ಸರ್ವಿಸ್ ರಸ್ತೆ ದಾಟಿದರೆ ರಾಣೆಬೆನ್ನೂರ ಬಸ್ಸು ನಿಲ್ಲುವ ಜಾಗ. ಆ ರಸ್ತೆಯಲ್ಲಿ ಗಾಡಿಗಳು ಒಂದೇ ದಿಕ್ಕಿನಿಂದ, ಬಲಗಡೆಯಿಂದ ಬರಬೇಕು. ಉಡಚವ್ವ ಬಲಕ್ಕೆ ನೋಡಿದಳು, ಯಾರೂ ಇಲ್ಲ. ಗಂಟನ್ನು ಎದೆಗವಚಿಕೊಂಡು ಕಾಲಿಟ್ಟಳು. ಕಾರು ಎಡಗಡೆಯಿಂದ ಬಂತು.

ನಮ್ಮ ಕಡೆ ಸರ್ವಿಸ್ ರಸ್ತೆಯಲ್ಲಿ ಉಲ್ಟಾ ಬರುವುದಕ್ಕೆ ಯಾರೂ ತಪ್ಪು ಎನ್ನುವುದಿಲ್ಲ, ‘ಇಲ್ಲೇ ಸ್ವಲ್ಪ’ ಎನ್ನುತ್ತಾರೆ. ಮುಂದೆ ಹೋಗಿ ಸುತ್ತು ಹಾಕಿ ಬರಬೇಕು, ಅದಕ್ಕೆ ಡೀಸೆಲ್ಲು, ಅದಕ್ಕೆ ಹೊತ್ತು. ಇಲ್ಲೇ ಸ್ವಲ್ಪ ಉಲ್ಟಾ ಹೋದರೆ ಆಯಿತಲ್ಲ. ಡಾಕ್ಟರೂ ಹೋಗುತ್ತಾರೆ, ಮಾಸ್ತರರೂ ಹೋಗುತ್ತಾರೆ, ಸಂಕಷ್ಟಿಗೆ ಗಣಪತಿ ಗುಡಿಗೆ ಹೊರಟ ಭಕ್ತರೂ ಹೋಗುತ್ತಾರೆ. ಈ ‘ಇಲ್ಲೇ ಸ್ವಲ್ಪ’ ಎಷ್ಟು ಮನೆಗಳಲ್ಲಿ ಕೋಲು, ಊರುಗೋಲು ತಂದಿಟ್ಟಿದೆಯೋ ದೇವರೇ ಬಲ್ಲ. ಅವತ್ತು ‘ಇಲ್ಲೇ ಸ್ವಲ್ಪ’ ಎಂದುಕೊಂಡು ಬಂದವನು ಹಾವೇರಿಯ ಔಷಧಿ ವ್ಯಾಪಾರಿ ರಮೇಶರ ಮಗ, ತೇಜಸ. ಓದು ಮುಗಿಸಿ ಆಗಷ್ಟೇ ತಂದೆಯ ವ್ಯಾಪಾರಕ್ಕೆ ಕೈಹಚ್ಚಿದ್ದ ಹುಡುಗ.

ಬ್ರೇಕಿನ ಸದ್ದಷ್ಟೇ ಉಡಚವ್ವನಿಗೆ ನೆನಪು. ಕಣ್ಣು ಬಿಟ್ಟಾಗ ಆಕಾಶ ಕಾಣುತ್ತಿತ್ತು, ಎಡಗಾಲು ತನ್ನದಲ್ಲವೇನೋ ಎಂಬಂತೆ ಬೇರೆ ಕಡೆಗೆ ತಿರುಗಿತ್ತು. ಮೊದಲು ಅವಳು ಕೇಳಿದ್ದು ರೊಟ್ಟಿ ಮುರಿದವೇ ಎಂದು. ಅದಕ್ಕೆ ಉತ್ತರ ಕೊಡುವವರು ಯಾರೂ ಇರಲಿಲ್ಲ, ಏಕೆಂದರೆ ಎಲ್ಲರೂ ಹುಡುಗನ ಸುತ್ತ ಸೇರಿದ್ದರು. ತೇಜಸ ಓಡಿಹೋಗಿರಲಿಲ್ಲ. ಕಾರು ನಿಲ್ಲಿಸಿ ಇಳಿದಿದ್ದ, ಅದೇ ಅವನಿಗೆ ಮುಳುವಾಯಿತು. ಒಬ್ಬನು ಅಂಗಿಯ ಕಾಲರು ಹಿಡಿದಿದ್ದ, ಇನ್ನೊಬ್ಬ ಆಗಲೇ ಎರಡು ಬಾರಿಸಿದ್ದ. ‘ಹೊಡೀರಿ ಅವನ್ನ, ಬಿಡಬ್ಯಾಡ್ರಿ’ ಎಂಬ ಕೂಗು. ಮೂರನೆಯವನ ಕೈಯಲ್ಲಿ ಒಂದು ಕಲ್ಲಿತ್ತು. ಅದು ಕಾರಿನ ಗಾಜಿಗೋ ಹುಡುಗನ ತಲೆಗೋ ಎಂದು ಅವನಿಗೇ ತಿಳಿದಿರಲಿಲ್ಲ.

ಮಲಗಿದಲ್ಲಿಂದ ಉಡಚವ್ವನಿಗೆ ಕಲ್ಲೂ ಕಾಣಿಸಿತು, ಹುಡುಗನ ಮುಖವೂ ಕಾಣಿಸಿತು. ಅವಳು ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದಳು.

“ಬಿಡ್ರೆಪಾ, ಬಿಡ್ರಿ. ಹುಡುಗಂದೇನೂ ತಪ್ಪಿಲ್ಲ. ನಂದ ತಪ್ಪಾತು. ನಾನ ನೋಡಲಿಲ್ಲ.”

ಕಾಲು ಮುರಿದುಕೊಂಡವಳೇ ಹೀಗೆಂದ ಮೇಲೆ ಹೊಡೆಯುವವರು ಏನು ಮಾಡಬೇಕು? ಕಾಲರು ಬಿಟ್ಟರು. ಕಲ್ಲಿನವನು ಕಲ್ಲನ್ನು ಎಲ್ಲಿ ಇಡಬೇಕೆಂದು ತಿಳಿಯದೆ ರಸ್ತೆಯ ಬದಿಗೆ ಮೆಲ್ಲಗೆ ಇಟ್ಟ. ಆದರೆ ಗುಂಪಿನಲ್ಲಿ ಒಬ್ಬ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಈಗಿನ ಕಾಲದಲ್ಲಿ ಬಿದ್ದವರನ್ನು ಎತ್ತುವ ಕೈಗಳಿಗಿಂತ ಮೊಬೈಲು ಹಿಡಿದ ಕೈಗಳೇ ಹೆಚ್ಚು.

ಎತ್ತಿದ ಕೈ ಶಾಬುದ್ದೀನನದು. ಟಂಟಂ ತಿರುಗಿಸುತ್ತಿದ್ದವನು ಅದನ್ನು ಅಲ್ಲೇ ಬಿಟ್ಟು ಓಡಿ ಬಂದಿದ್ದ. “ಪೊಲೀಸ್ ಕೇಸ್ ಆಗೂದೈತಿ, ನೀ ಯಾಕ ಸಿಕ್ಕೋತಿ?” ಎಂದು ಯಾರೋ ಕಿವಿಮಾತು ಹೇಳಿದರು. ಶಾಬುದ್ದೀನ, “ದವಾಖಾನಿಗೆ ಒಯ್ದವರನ್ನ ಹಿಡಕೊಂಡು ಕುಂದ್ರೂದಿಲ್ಲ ಈಗ, ಹಂಗ ಕಾನೂನ ಐತಿ. ಸ್ಟ್ಯಾಂಡಿಗೆ ಬಂದು ಪೊಲೀಸರ ಹೇಳಿ ಹೋಗ್ಯಾರ. ನೀ ಆ ಕಡೆ ಹಿಡಿ” ಎಂದು ಆ ಕಿವಿಮಾತಿನವನ ಕೈಯಿಂದಲೇ ಆಸರೆ ಕೊಡಿಸಿದ. ಮುರಿದ ಕಾಲು ಅಲುಗಾಡದಂತೆ ಹಲಗೆ ಇಟ್ಟು, ರೊಟ್ಟಿ ಗಂಟಿನ ಅರಿವೆ ಬಿಚ್ಚಿ ಅದರಿಂದಲೇ ಕಟ್ಟಿದ. ರೊಟ್ಟಿಗಳು ಪುಡಿಯಾಗಿದ್ದವು. ಅವನ ಟಂಟಂನಲ್ಲಿ ಹಾವೇರಿಯ ದವಾಖಾನೆ ಮುಟ್ಟುವವರೆಗೆ ಉಡಚವ್ವ ಅಳುತ್ತಿದ್ದದ್ದು ಕಾಲಿಗೋ ರೊಟ್ಟಿಗೋ ಎಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಕಾಲಿಗೆ ಒಳಗೆ ರಾಡು ಹಾಕಿದರು. ಎಲುಬು ಕೂಡಿತು, ಆದರೆ ಮೊಣಕಾಲು ಮೊದಲಿನಂತೆ ಮಡಚಲಿಲ್ಲ. ಇನ್ನು ಮುಂದೆ ಇದು ಇಷ್ಟೇ ಎಂದರು ಡಾಕ್ಟರು. ದವಾಖಾನೆಯಲ್ಲಿದ್ದಾಗ ರಮೇಶರು ಕಿತ್ತಳೆಹಣ್ಣು ಹಿಡಿದುಕೊಂಡು ಒಮ್ಮೆ ಬಂದಿದ್ದರು. ಗಾಡಿಗೆ ವಿಮೆ ಇದೆ, ಕಂಪನಿ ಎಲ್ಲ ನೋಡಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿದರು. ಉಡಚವ್ವ ವಿಮೆಯ ಬಗ್ಗೆ ಏನೂ ಕೇಳಲಿಲ್ಲ. “ಹುಡುಗ ಹೊಟ್ಟಿತುಂಬ ಉಣ್ಣಾಕತ್ತಾನಿಲ್ರಿ? ಬಾಳ ಅಂಜಿದ್ದ” ಎಂದಳು. ರಮೇಶರು ಕಿತ್ತಳೆಹಣ್ಣನ್ನು ಹಾಸಿಗೆಯ ಬದಿಗಿಟ್ಟು ಹೊರಟರು. ತೇಜಸ ಮಾತ್ರ ಆ ಕಡೆ ತಲೆ ಹಾಕಲೇ ಇಲ್ಲ.

ಅಷ್ಟರಲ್ಲಿ ಆ ಮೊಬೈಲಿನ ವಿಡಿಯೊ ಜಿಲ್ಲೆಯನ್ನೆಲ್ಲ ಸುತ್ತಿ ಬಂದಿತ್ತು. ಹಾವೇರಿ, ರಾಣೆಬೆನ್ನೂರು, ಗುತ್ತಲದವರೆಗೂ ಜನ ಕೈಮುಗಿಯುವ ಚಿತ್ರ ಹಚ್ಚಿ ‘ಇಂಥಾ ತಾಯಿ ಇರಬೇಕು’ ಎಂದು ಕಳಿಸಿದರು. ಹೊಗಳಿದವರಲ್ಲಿ ಒಬ್ಬರೂ ಬಂದು ಒಂದು ದಿನ ಅವಳ ಒಲೆ ಹಚ್ಚಿಕೊಡಲಿಲ್ಲ, ಅದು ಬೇರೆ ಮಾತು.

ಒಲೆಯೇ ದೊಡ್ಡ ಸಂಕಟವಾಯಿತು. ಮನೆಗೆ ಬಂದ ಉಡಚವ್ವ ನೆಲಕ್ಕೆ ಕುಳಿತರೆ ಕಾಲು ಉದ್ದಕ್ಕೆ ಚಾಚಿಕೊಳ್ಳುತ್ತಿತ್ತು, ಕೈ ಹಂಚಿಗೆ ಎಟಕುತ್ತಿರಲಿಲ್ಲ. ಮೈಲಾರೆಪ್ಪ ತಾನೇ ರೊಟ್ಟಿ ಬಡಿಯಲು ಕುಳಿತ. ಹರಕು ರೊಟ್ಟಿ ತೆಗೆದು, “ಹಿಟ್ಟು ಸರಿ ಇಲ್ಲ” ಎಂದ. ಖಾನಾವಳಿಯವರು ಕೆಲವು ದಿನ ಕಾದರು, ಆಮೇಲೆ ಬೇರೆ ಕಡೆಯಿಂದ ತರಿಸಿಕೊಂಡರು. ಓಣಿಯಲ್ಲಿ ರೊಟ್ಟಿಯ ಸದ್ದು ನಿಂತುಹೋಯಿತು. ಉಡಚವ್ವನಿಗೆ ಕಾಲು ಹೋದದ್ದಕ್ಕಿಂತ ಆ ಸದ್ದು ಹೋದದ್ದೇ ಹೆಚ್ಚು ನೋವಾಯಿತು. ಗೋಡೆಗೆ ಒರಗಿ ನಿಂತಾಗ ಒಂದು ದಿನ ಅವಳಿಗೆ ಹೊಳೆಯಿತು: ಕೂರಲು ಬಾರದಿದ್ದರೇನು, ನಿಲ್ಲಲು ಬರುತ್ತದಲ್ಲ. ಸೊಂಟದೆತ್ತರಕ್ಕೆ ಕಲ್ಲಿನ ಕಟ್ಟೆ, ಅದರ ಮೇಲೆ ಗ್ಯಾಸಿನ ಒಲೆ, ರಸ್ತೆಗೆ ಮುಖವಾಗಿ ಒಂದು ಕೋಣೆ. ನಿಂತೇ ರೊಟ್ಟಿ ಬಡಿಯಬಹುದು. ಆದರೆ ಅಂಥ ಕೋಣೆ ಹಮಾಲಿ ಗಳಿಕೆಯಲ್ಲಿ ಆಗುವ ಮಾತಲ್ಲ. ಅಪಘಾತದ ಪರಿಹಾರ ಬಂದರೆ ಮಾತ್ರ ಆದೀತು.

ಆ ಪರಿಹಾರಕ್ಕೇ ಕಲ್ಲು ಬಿತ್ತು. ಕಾರಿನವನದು ತಪ್ಪಿಲ್ಲ, ಹೆಂಗಸೇ ತನ್ನದು ತಪ್ಪು ಎಂದು ಬಾಯಿಬಿಟ್ಟು ಹೇಳಿದ್ದಾಳೆ, ಆದ್ದರಿಂದ ತಾನು ಕೊಡಬೇಕಾದದ್ದು ಏನೂ ಇಲ್ಲ ಎಂದಿತು ವಿಮಾ ಕಂಪನಿ. ಸಾಕ್ಷಿಗೆ ಬೇರೇನು, ಊರೆಲ್ಲ ಕೈಮುಗಿದ ಅದೇ ವಿಡಿಯೊ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಉಡಚವ್ವನದು ಒಂದೇ ಮಾತಿನಲ್ಲಿ ಮನೆಯೂ ಒಲೆಯೂ ಎರಡೂ ಕೆಡುವ ಹಾಗಾಯಿತು.

ಇದಕ್ಕೂ ಮೊದಲೇ, ಅರ್ಜಿ ಹಾಕಲು ಗಡುವು ಇದೆ, ತಡ ಮಾಡಬೇಡಿರೆಂದು ಬೆನ್ನು ಹತ್ತಿದವನೂ ಶಾಬುದ್ದೀನನೇ. ಹೆಣ್ಣುಮಕ್ಕಳಿಗೆ ಹಾವೇರಿ ಕೋರ್ಟಿನ ಕಾನೂನು ಸೇವೆಯವರು ಪುಕ್ಕಟೆ ವಕೀಲರನ್ನು ಕೊಡುತ್ತಾರೆಂದು ಕೇಳಿಕೊಂಡು ಬಂದು, ತನ್ನ ಗಾಡಿಯಲ್ಲೇ ಗಂಡಹೆಂಡಿರನ್ನು ಕರೆದೊಯ್ದಿದ್ದ. ಅಲ್ಲಿ ಸಿಕ್ಕವರು ವಕೀಲೆ ನಲಿನಿ. ಪೊಲೀಸರು ಬರೆದ ನಕ್ಷೆಯಲ್ಲಿ ಕಾರು ಉಲ್ಟಾ ದಿಕ್ಕಿನಲ್ಲಿ ಬಂದದ್ದು ಚೆನ್ನಾಗಿಯೇ ಇತ್ತು. ಅದನ್ನು ನೋಡಿ ನಲಿನಿ ನಕ್ಕಿದ್ದರು. ಕಂಪನಿಯ ವಿಡಿಯೊ ಕೈಗೆ ಬಂದ ದಿನ ಹಣೆ ಹಿಡಿದುಕೊಂಡು ಕುಳಿತರು.

“ಇದೊಂದು ಮಾತು ಇರಲಿಲ್ಲಂದ್ರ ನಮ್ಮ ಕೇಸು ಬಾಳ ಸಸಾರ ಇತ್ತು, ಉಡಚವ್ವಾರ.”

“ನಂದ ತಪ್ಪಾತ್ರಿ ವಕೀಲ ಬಾಯಾರ, ಅನ್ನಬಾರದಿತ್ತು,” ಎಂದಳು ಉಡಚವ್ವ.

ನಲಿನಿ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. “ಕೋರ್ಟಿನಾಗ ಈ ಮಾತು ಬಾಯಿಗೆ ಬರಬಾರದು ನೋಡ್ರಿ. ಅಂದದ್ದನ್ನ ಅಂದಿಲ್ಲ ಅನಬ್ಯಾಡ್ರಿ, ಸುಳ್ಳು ಬ್ಯಾಡ. ಆದ್ರ ಯಾಕ ಅಂದ್ರಿ, ಅದನ್ನೂ ಹೇಳ್ರಿ. ಮಂದಿ ಹುಡುಗನ್ನ ಹೊಡಿಯಾಕ ನಿಂತಿದ್ರು, ಅವನ್ನ ಉಳಸಾಕ ಅಂದೆ ಅಂತ ಹೇಳ್ರಿ.”

“ಅದನ್ನ ನಾ ಹೆಂಗ ಹೇಳ್ಲೆರಿ?” ಉಡಚವ್ವ ನಾಚಿಕೊಂಡಳು. “ಮಾಡಿದ್ದನ್ನ ಆಡಿ ತೋರಿಸಿದ್ರ ಅದು ಉಳೀತೈತೇನ್ರಿ?”

ನಲಿನಿಯವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೊನೆಗೆ ಒಂದು ಉಪಾಯ ಹೇಳಿಕೊಟ್ಟರು. ಮನೆಯಲ್ಲಿ ಉಡಚವ್ವ ‘ನಂದ ತಪ್ಪಾತು’ ಎಂದಾಗಲೆಲ್ಲ ಮೈಲಾರೆಪ್ಪ ಏನಾದರೂ ಬಡಿದು ಸದ್ದು ಮಾಡಬೇಕು, ರೂಢಿ ತಪ್ಪುತ್ತದೆ. ಮೈಲಾರೆಪ್ಪನಿಗೆ ಈ ಕೆಲಸ ಬಹಳ ಹಿಡಿಸಿತು. ಊಟದ ಸ್ಟೀಲ್ ತಾಟನ್ನು ಬಗಲಲ್ಲೇ ಇಟ್ಟುಕೊಂಡು ಚಮಚದಿಂದ ಬಡಿಯತೊಡಗಿದ. ಸಾರಿಗೆ ಉಪ್ಪು ಹೆಚ್ಚಾಯಿತು, ‘ನಂದ ತಪ್ಪಾತು’, ಟಣ್. ಉಪ್ಪು ಹಾಕಿದವನು ಮೈಲಾರೆಪ್ಪನೇ, ಆದರೂ ಟಣ್. ಬೆಕ್ಕು ಹಾಲು ಚೆಲ್ಲಿತು, ಟಣ್. ಮೊದಲ ವಾರ ಓಣಿಯವರು ಮನೆಯಲ್ಲಿ ಭಜನೆ ಶುರುವಾಗಿದೆಯೇ ಎಂದು ಕೇಳಿದರು. ಬರಬರುತ್ತಾ ಸದ್ದು ಕಡಿಮೆಯಾಯಿತು. ತುಟಿಯವರೆಗೆ ಬಂದ ಮಾತನ್ನು ನುಂಗಿಕೊಳ್ಳುವುದನ್ನು ಉಡಚವ್ವ ಕಲಿತಳು. ಕಲಿತಳೆಂದು ಎಲ್ಲರೂ ಅಂದುಕೊಂಡರು.

ಸಾಕ್ಷಿ ಹೇಳುವ ದಿನ ಉಡಚವ್ವ ಇಳಕಲ್ ಸೀರೆ ಉಟ್ಟು, ಕೋಲು ಊರಿಕೊಂಡು ಕಟಕಟೆಗೆ ಬಂದಳು. ನ್ಯಾಯಾಧೀಶರು ಮೈಸೂರು ಕಡೆಯವರು, ಹಾವೇರಿಗೆ ಬಂದು ಬಹಳ ದಿನವಾಗಿರಲಿಲ್ಲ. ನಿಲ್ಲಲು ತ್ರಾಸವಾದರೆ ಕುಳಿತುಕೊಳ್ಳಿ ಎಂದು ಕುರ್ಚಿ ಹಾಕಿಸಿದರು. ಅವಳು ಕೋಲನ್ನು ಕಟಕಟೆಗೆ ಒರಗಿಸಿ, ಕಾಲು ಚಾಚಿ ಕುಳಿತಳು. ಹಿಂದಿನ ಬೆಂಚಿನಲ್ಲಿ ಮೈಲಾರೆಪ್ಪ ಮತ್ತು ಶಾಬುದ್ದೀನ. ಮೈಲಾರೆಪ್ಪನ ಕೈಯಲ್ಲಿ ತಾಟು ಇರಲಿಲ್ಲ, ಆದರೆ ಬೆರಳುಗಳು ಚಮಚ ಹಿಡಿದಂತೆಯೇ ಇದ್ದವು.

ಕಂಪನಿಯ ವಕೀಲರು ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು ವಿಡಿಯೊ ತೋರಿಸಿದರು. ಉಡಚವ್ವನದೇ ದನಿ, ಕೋರ್ಟಿನ ತುಂಬ: ‘ಹುಡುಗಂದೇನೂ ತಪ್ಪಿಲ್ಲ. ನಂದ ತಪ್ಪಾತು. ನಾನ ನೋಡಲಿಲ್ಲ.’

“ಈ ಮಾತು ಆಡಿದವರು ನೀವ ಹೌದಲ್ರಿ?” ಎಂದು ವಕೀಲರು ಕೇಳಿದರು.

“ಹೌದ್ರಿ.”

“ನಿಮಗ ಯಾರಾದ್ರೂ ಹಿಂಗ ಅನ್ನು ಅಂತ ಒತ್ತಾಯ ಮಾಡಿದ್ರೇನು?”

“ಇಲ್ರಿ.”

“ಎಚ್ಚರ ಇತ್ತಲ್ಲ ನಿಮಗ?”

“ಇತ್ರಿ.”

“ಅಂದ್ರ ತಪ್ಪು ನಿಮ್ಮದ ಅಂತ ನೀವ ಒಪ್ಪಿಕೊಂಡಂಗಾತು.”

ಉಡಚವ್ವನಿಗೆ ಬೆವರು ಬಂತು. ಇಷ್ಟು ದೊಡ್ಡವರು, ಕರಿ ಕೋಟು ಹಾಕಿದವರು ಹೇಳುತ್ತಿದ್ದಾರೆ. ‘ಹೌದ್ರಿ, ನಂದ ತಪ್ಪಾತು’ ಎಂದುಬಿಟ್ಟರೆ ಅವರಿಗೂ ಸಮಾಧಾನ, ಎಲ್ಲರೂ ಊಟಕ್ಕೆ ಹೋಗಬಹುದು. ಮಾತು ನಾಲಿಗೆಯ ತುದಿಗೆ ಬಂತು. ಉಡಚವ್ವ ಸೊಂಟದೆತ್ತರದ ಕಟ್ಟೆಯನ್ನು ನೆನಪು ಮಾಡಿಕೊಂಡಳು, ಮಾತನ್ನು ನುಂಗಿದಳು.

“ಅಂದದ್ದು ಖರೇ ಐತ್ರಿ. ಕಾರು ಉಲ್ಟಾ ಬಂದದ್ದೂ ಖರೇ ಐತ್ರಿ,” ಎಂದಳು.

“ಕೇಳಿದಷ್ಟಕ್ಕ ಹೇಳ್ರಿ,” ಎಂದು ವಕೀಲರು ಗದರಿ, ಬೇಕಾದದ್ದು ಸಿಕ್ಕಿತೆಂಬ ಹುರುಪಿನಲ್ಲಿ ಗರಕ್ಕನೆ ತಿರುಗಿದರು. ಅವರ ಕರಿ ಗೌನಿನ ಅಂಚು ಉಡಚವ್ವನ ಕೋಲಿಗೆ ಸಿಕ್ಕಿಕೊಂಡಿತು. ಕೋಲು ನೆಲಕ್ಕೆ ಬಿದ್ದ ಸದ್ದಿಗೆ ನಿದ್ದೆ ಹೋಗಿದ್ದ ಪಕ್ಷಗಾರನೊಬ್ಬ ಎದ್ದು ನಿಂತ.

“ನಂದ ತಪ್ಪಾತ್ರಿ ಸಾಹೇಬ್ರ,” ಎಂದಳು ಉಡಚವ್ವ. “ಅಡ್ಡ ಇಟ್ಟಿದ್ದೆ ನೋಡ್ರಿ.”

ಹಿಂದಿನ ಬೆಂಚಿನಲ್ಲಿ ಮೈಲಾರೆಪ್ಪ ತೊಡೆ ಬಡಿದುಕೊಂಡ. ನಲಿನಿ ಕಣ್ಣು ಮುಚ್ಚಿದರು. ನ್ಯಾಯಾಧೀಶರು ಬರೆಯುತ್ತಿದ್ದದ್ದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು.

“ಅಮ್ಮಾ, ಆ ಕೋಲು ಬೀಳಿಸಿದ್ದು ಯಾರು?”

“ವಕೀಲ ಸಾಹೇಬ್ರ ಅಂಗಿ ತಾಕಿತ್ರಿ.”

“ಮತ್ತೆ ನಿಮ್ಮ ತಪ್ಪು ಅಂತ ಯಾಕೆ ಹೇಳಿದ್ರಿ?”

ಉಡಚವ್ವನಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಇದನ್ನೂ ಕೇಳುತ್ತಾರೆಯೇ? “ಇಷ್ಟು ಮಂದಿ ಮುಂದ ಅವರಿಗೆ ನಾಚಿಕಿ ಆಗಬಾರದಲ್ರಿ,” ಎಂದಳು. “ನಾ ಒಂದು ಮಾತು ಅಂದ್ರ ಅದು ಅಲ್ಲಿಗೇ ಮುಗೀತೈತ್ರಿ. ನಮ್ಮ ಕಡೆ ಹಂಗ ಅಂತೇವ್ರಿ.”

“ಹಾಗಾದರೆ ಅವತ್ತು ರಸ್ತೆಯಲ್ಲಿ ಅಂದದ್ದು?”

ಉಡಚವ್ವ ತಲೆ ತಗ್ಗಿಸಿದಳು. “ಮಾಡಿದ್ದು ಆಡಬಾರದ್ರಿ.”

“ಇಲ್ಲಿ ಆಡಬೇಕಮ್ಮ. ನಾನು ಕೇಳ್ತಾ ಇದ್ದೇನೆ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, ಯಾರೂ ಕೇಳಿಸಿಕೊಳ್ಳದಿದ್ದರೆ ಸಾಕೆಂಬಂತೆ ಹೇಳಿದಳು. “ಮಂದಿ ಆ ಹುಡುಗನ್ನ ಹೊಡಿಯಾಕ ಹತ್ತಿದ್ರು. ಒಬ್ಬಾಂವ ಕಲ್ಲು ತಗೊಂಡಿದ್ದ. ನಂದು ಕಾಲು ಮುರದಿತ್ತು, ಕಾಲು ಕೂಡತೈತ್ರಿ. ಆ ಹುಡುಗನ ತಲಿ ಒಡದಿದ್ರ ಯಾರು ಕೂಡಸ್ತಿದ್ರು?”

ನ್ಯಾಯಾಧೀಶರು ವಿಡಿಯೊವನ್ನು ಮೊದಲಿನಿಂದ ಹಾಕಿ ಎಂದರು. ಕಂಪನಿಯ ವಕೀಲರು ಅವಳ ಮಾತಿನಿಂದ ಶುರು ಮಾಡಿದ್ದರು. ಅದಕ್ಕಿಂತ ಮುಂಚಿನದೂ ಅದರಲ್ಲಿತ್ತು. ‘ಹೊಡೀರಿ ಅವನ್ನ, ಬಿಡಬ್ಯಾಡ್ರಿ’ ಎಂಬ ಕೂಗು, ಕಾಲರು ಹಿಡಿದ ಕೈ, ಕಲ್ಲು, ಆಮೇಲೆ ನೆಲದಿಂದ ಎದ್ದ ಆ ದನಿ. ಹಿನ್ನೆಲೆಯಲ್ಲಿ ಉಲ್ಟಾ ದಿಕ್ಕಿಗೆ ಮುಖ ಮಾಡಿ ನಿಂತ ಕಾರು. ಎಲ್ಲ ನೋಡಿದ ಮೇಲೆ ಕಂಪನಿಯ ವಕೀಲರು, ಅವರೂ ಹಾವೇರಿಯ ನೀರು ಕುಡಿದವರೇ, ಬಗ್ಗಿ ಕೋಲನ್ನು ಎತ್ತಿ ಉಡಚವ್ವನ ಕೈಗೆ ಕೊಟ್ಟರು. “ಇದೊಂದು ನಂದ ತಪ್ಪು ಬಿಡ್ರಿ ಯವ್ವ,” ಎಂದರು. ಕೋರ್ಟಿನಲ್ಲಿ ಒಂದಷ್ಟು ಜನ ನಕ್ಕರು, ನ್ಯಾಯಾಧೀಶರೂ ನಗದೆ ಇರಲಿಲ್ಲ.

ತೀರ್ಪು ಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ಶಾಬುದ್ದೀನನ ಸಾಕ್ಷಿ, ಪೊಲೀಸರ ನಕ್ಷೆ, ಡಾಕ್ಟರರ ಮಾತು, ಎಲ್ಲ ಆದವು. ತಪ್ಪು ಪೂರಾ ಕಾರಿನವನದೇ, ಗಾಯಗೊಂಡ ಹೆಂಗಸು ಜನರ ಕೈಯಿಂದ ಒಬ್ಬನನ್ನು ಉಳಿಸಲು ಆಡಿದ ಮಾತು ತಪ್ಪೊಪ್ಪಿಗೆಯಾಗುವುದಿಲ್ಲ, ಪರಿಹಾರವನ್ನು ವಿಮಾ ಕಂಪನಿ ಕೊಡಬೇಕು ಎಂದಾಯಿತು. ನಲಿನಿ ಫೋನಿನಲ್ಲಿ ಇದನ್ನು ಹೇಳಿದಾಗ ಉಡಚವ್ವ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಕಂಪನಿಯವರಿಗೆ ಬೇಜಾರಾಗಲಿಲ್ಲವೇ ಎಂದೂ ಕೇಳಿದಳು.

ಈಗ ಬ್ಯಾಡಗಿಗೆ ಹೋದರೆ ಮಾರುಕಟ್ಟೆಗೆ ಹೋಗುವ ರಸ್ತೆಯಲ್ಲಿ ಅವಳ ಅಂಗಡಿ ಸಿಗುತ್ತದೆ. ಸೊಂಟದೆತ್ತರಕ್ಕೆ ಕಡಪಾ ಕಲ್ಲಿನ ಕಟ್ಟೆ, ಅದರ ಹಿಂದೆ ನಿಂತ ಉಡಚವ್ವ. ಜೋಳದ ಹಿಟ್ಟು ನಾದಿ, ಉಂಡೆ ಮಾಡಿ, ನಿಂತುಕೊಂಡೇ ಬಡಿಯುತ್ತಾಳೆ. ಊರಿನವರು ‘ನಿಂತವ್ವನ ರೊಟ್ಟಿ’ ಎಂದೇ ಕರೆಯುತ್ತಾರೆ. ಮೆಣಸಿನಕಾಯಿ ಬಿಡಿಸಿ ಬೆನ್ನು ನೋಯಿಸಿಕೊಂಡ ಇಬ್ಬರು ಗೆಳತಿಯರೂ ಈಗ ಅವಳ ಬಗಲಲ್ಲಿ ನಿಂತು ರೊಟ್ಟಿ ಬಡಿಯುತ್ತಾರೆ. ಹಮಾಲಿ ಬಿಟ್ಟ ಮೈಲಾರೆಪ್ಪ ಗಿರಾಕಿಗಳಿಗೆ ಬಡಿಸುತ್ತಾನೆ, ಪಲ್ಯೆಗೆ ಉಪ್ಪು ಹೆಚ್ಚಾದರೆ ಉಪ್ಪಿನ ಕಂಪನಿಯನ್ನು ಬೈಯುತ್ತಾನೆ. ಖಾನಾವಳಿಯವರು ತಿರುಗಿ ಬಂದಿದ್ದಾರೆ. ಉಡಚವ್ವ ಸುಖವಾಗಿದ್ದಾಳೆ. ಚಳಿಗೆ ಕಾಲು ಹಿಡಿದುಕೊಳ್ಳುತ್ತದೆ, ಸಂಜೆಗೆ ಬಾಯುತ್ತದೆ, ಆದರೂ ಸುಖವಾಗಿದ್ದಾಳೆ.

ಹೋದ ತಿಂಗಳು, ಮಧ್ಯಾಹ್ನದ ಗಿರಾಕಿಗಳು ತೆರಳಿದ ಮೇಲೆ, ಅಂಗಡಿಯ ಎದುರಿಗೆ ಒಬ್ಬ ಹುಡುಗ ಬಂದು ನಿಂತ. ಒಳಗೂ ಬಾರ, ಆಚೆಗೂ ಹೋಗ. ಗಡ್ಡ ಬಂದಿತ್ತು, ಸ್ವಲ್ಪ ತೆಳ್ಳಗಾಗಿದ್ದ. ಆದರೆ ಆ ಮುಖವನ್ನು ಉಡಚವ್ವ ನೆಲದ ಮೇಲೆ ಮಲಗಿ ನೋಡಿದ್ದಳು, ಮರೆಯುವುದು ಹೇಗೆ?

“ಒಳಗ ಬಾರಪಾ,” ಎಂದಳು. “ಗಾಡಿ ಎಲ್ಲಿ ಬಿಟ್ಟಿ?”

“ಆ ಕಡೆ ಬಿಟ್ಟು ನಡಕೊಂಡು ಬಂದೇನ್ರಿ,” ಎಂದ ತೇಜಸ. “ಈ ರಸ್ತೆ ಒನ್‌ವೇ ಅದ. ಸುತ್ತು ಹಾಕಿ ಬಂದೆ.”

ಅವನು ಕಟ್ಟೆಯ ಹತ್ತಿರ ಬಂದ. ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ, ಈಗ ಒಂದೂ ನೆನಪಾಗಲಿಲ್ಲ. “ಆವತ್ತ ನೀವು ಹಂಗ ಅಂದ್ರಿ. ಅಪ್ಪನೂ ಹಂಗ ಅಂದ್ರು, ಕಂಪನಿಯವರೂ ಹಂಗ ಅಂದ್ರು. ನಿಂದೇನೂ ತಪ್ಪಿಲ್ಲ ಅಂತ ಎಲ್ಲಾರೂ ಅಂದ್ರು. ದವಾಖಾನಿ ಬಾಗಲತನಕ ಬಂದು ಹೊಳ್ಳಿ ಹೋಗೇನ್ರಿ ನಾನು. ತಪ್ಪು ನಂದ ಇತ್ರಿ, ಅವ್ವಾ. ನಂದ ತಪ್ಪಾತು.”

ಉಡಚವ್ವನ ಬಾಯಿ ತನ್ನಷ್ಟಕ್ಕೆ ತೆರೆಯಿತು. “ಅಯ್ಯ, ಇಲ್ಲಪಾ, ನಂದ...”

ಟಣ್.

ಮೂಲೆಯಲ್ಲಿ ಮೈಲಾರೆಪ್ಪ ತಾಟು ಹಿಡಿದು ನಿಂತಿದ್ದ. ಉಡಚವ್ವ ಅವನನ್ನು ನೋಡಿದಳು, ಹುಡುಗನನ್ನು ನೋಡಿದಳು. ಕಲ್ಲಿನ ಏಟಿನಿಂದ ಉಳಿದ ಈ ತಲೆ ಎರಡು ವರ್ಷದಿಂದ ಏನು ಹೊತ್ತು ತಿರುಗುತ್ತಿತ್ತೆಂದು ಅವಳಿಗೆ ಆಗ ಅರ್ಥವಾಯಿತು. ತನ್ನದು ತಪ್ಪೆಂದು ಅವನೊಬ್ಬನೇ ಹೇಳಿಕೊಳ್ಳುತ್ತಿದ್ದ, ಅದಕ್ಕೆ ಹೂಂ ಎನ್ನುವವರು ಊರಿನಲ್ಲಿ ಒಬ್ಬರೂ ಸಿಕ್ಕಿರಲಿಲ್ಲ.

“ಹೌದಪಾ,” ಎಂದಳು. “ನಿಂದ ತಪ್ಪು.”

ಹುಡುಗನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ.

“ಆವತ್ತ ನಿಂದು ನಾ ಹೊತ್ತಿದ್ದೆ,” ಎಂದು ಉಡಚವ್ವ ಮತ್ತೊಂದು ಉಂಡೆ ಕೈಗೆ ತೆಗೆದುಕೊಂಡಳು. “ಈಗ ಹೊರಾಕ ಆಗೂದಿಲ್ಲ, ಕಾಲು ಬ್ಯಾನಿ ಆಕ್ಕೈತಿ. ನಿಂದು ನೀ ತಗೊಂಡು ಹೋಗು. ಹಗರ ಐತಿ, ಬಾಳ ವಜ್ಜಿ ಆಗೂದಿಲ್ಲ. ಮೊದಲ ಕೈ ತೊಳಕೋ, ರೊಟ್ಟಿ ಬಿಸಿ ಅದಾವ.”

ತೇಜಸ ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕುಳಿತ. ಉಡಚವ್ವ ನಿಂತಲ್ಲಿಂದಲೇ ರೊಟ್ಟಿ ಬಡಿಯತೊಡಗಿದಳು, ಸದ್ದು ರಸ್ತೆಯವರೆಗೂ ಕೇಳಿತು. ಮೈಲಾರೆಪ್ಪ ಕೈಯಲ್ಲಿದ್ದ ಅದೇ ತಾಟನ್ನು ಒರೆಸಿ ಹುಡುಗನ ಮುಂದಿಟ್ಟು, ಬದನೆಕಾಯಿ ಪಲ್ಯೆ ಬಡಿಸಿದ.